ಮೋಚಾರ್ ಚಾಪ್ ಒಡೆಯದ ಹಾಗೆ ಕರಿಯುವುದು

ಮನೆಯಲ್ಲಿ ಮೋಚಾರ್ ಚಾಪ್, ಅಂದರೆ ಬಾಳೆಹೂವಿನ ಹೂರಣದ ಬಂಗಾಳಿ ಕರಿದ ತಿಂಡಿ, ಮಾಡಿದವರ ದೂರು ಸಾಮಾನ್ಯವಾಗಿ ಒಂದೇ. ಎಣ್ಣೆಗೆ ಬಿಟ್ಟ ಸ್ವಲ್ಪ ಹೊತ್ತಿಗೆ ಚಾಪ್ ಬಾಯಿ ಬಿಡುತ್ತದೆ, ಹೂರಣವೆಲ್ಲ ಬಾಣಲೆ ಪಾಲಾಗುತ್ತದೆ. ಉಪ್ಪು ಖಾರ ಸರಿ ಇರುತ್ತದೆ, ಮಸಾಲೆ ಘಮಘಮ ಅನ್ನುತ್ತಿರುತ್ತದೆ, ಮೇಲಿನ ಪುಡಿನೂ ಚೆನ್ನಾಗೇ ಹಿಡಿದಿರುತ್ತದೆ. ಆದರೂ ಒಡೆಯುತ್ತದೆ. ಕಾರಣ ನೀರು. ಬಾಳೆಹೂವಿನ ಮೈತುಂಬ ನೀರು. ಬೇಯಿಸಿದರೆ ಇನ್ನಷ್ಟು ಕುಡಿಯುತ್ತದೆ. ಹೂರಣದಲ್ಲಿ ಉಳಿದ ತೇವ ಬಿಸಿ ಎಣ್ಣೆಯಲ್ಲಿ ಹಬೆಯಾಗುತ್ತದೆ. ಹಬೆಗೆ ಹೊರಗೆ ಹೋಗಲು ದಾರಿ ಬೇಕು. ದಾರಿ ಸಿಗದಿದ್ದರೆ ಅದೇ ದಾರಿ ಮಾಡಿಕೊಳ್ಳುತ್ತದೆ.

ಹಾಗಾಗಿ ಈ ಸಲ ಅಡುಗೆ ಅನ್ನುವುದಕ್ಕಿಂತ ನೀರು ಓಡಿಸುವ ಕೆಲಸ ಅಂದುಕೊಂಡೇ ಕೂತೆ. ಪ್ರತಿ ಹಂತದಲ್ಲೂ ಒಂದೇ ಪ್ರಶ್ನೆ: ಇಲ್ಲಿ ನೀರು ಒಳಗೆ ಹೋಗುತ್ತಿದೆಯಾ, ಹೊರಗೆ ಬರುತ್ತಿದೆಯಾ? ಅಲ್ಲಲ್ಲಿ ಹೂರಣವನ್ನು ಪಾಲು ಮಾಡಿ, ಒಂದೊಂದು ಪಾಲನ್ನು ಒಂದೊಂದು ರೀತಿ ಮಾಡಿ ನೋಡಿದ್ದೇನೆ. ಅದರ ಲೆಕ್ಕವೆಲ್ಲ ಕೆಳಗಿದೆ.

ತಿಂಡಿಯ ಪರಿಚಯ ಇಲ್ಲದವರಿಗೆ ಎರಡು ಮಾತು. ಮೋಚಾ ಅಂದರೆ ಬಾಳೆಹೂವು, ಮಲೆನಾಡಿನ ಕಡೆಯವರ ಬಾಳೆಕುಂಡಿಗೆ. ಚಾಪ್ ಬ್ರಿಟಿಷರ ಕಾಲದಲ್ಲಿ ಕೋಲ್ಕತ್ತದ ಅಡುಗೆಮನೆಗೆ ಬಂದು ಪೂರ್ತಿ ಬಂಗಾಳಿಯಾಗಿಬಿಟ್ಟ ತಿಂಡಿ. ಬೇಯಿಸಿದ ಹೂರಣವನ್ನು ಉಂಡೆ ಮಾಡಿ, ಪುಡಿಯಲ್ಲಿ ಹೊರಳಿಸಿ, ಕರಿಯುವುದು. ಆಲೂರ್ ಚಾಪ್, ಮೀನಿನ ಚಾಪ್, ಮಾಂಸದ ಚಾಪ್, ಬೀಟ್‌ರೂಟ್ ಹಾಕಿದ ಕೆಂಪು ವೆಜಿಟೇಬಲ್ ಚಾಪ್ ಎಲ್ಲ ಇವೆ. ಸಂಜೆ ಬೀದಿ ಬದಿಯ ತೇಲೇಭಾಜಾ ಅಂಗಡಿಗಳಲ್ಲಿ ಬೇಗುನಿ (ಬದನೆಕಾಯಿ ಬಜ್ಜಿ), ಪೆಂಯಾಜಿ (ಈರುಳ್ಳಿ ಪಕೋಡ) ಜೊತೆ ಇವೂ ಸಿಗುತ್ತವೆ. ಉತ್ತರ ಕೋಲ್ಕತ್ತದ ಬಿಧಾನ್ ಸರಣಿಯಲ್ಲಿ 1918ರಲ್ಲಿ ಶುರುವಾದ ಲಕ್ಷ್ಮೀನಾರಾಯಣ ಶಾ ಅಂಗಡಿಯಂತೂ ಈ ಕರಿದ ತಿಂಡಿಗಳಿಗೇ ಹೆಸರುವಾಸಿ. ನೇತಾಜಿ ಸುಭಾಷ್ ಚಂದ್ರ ಬೋಸರ ಹುಟ್ಟುಹಬ್ಬ ಜನವರಿ 23ರಂದು ಅಲ್ಲಿ ತೇಲೇಭಾಜಾ ಉಚಿತವಾಗಿ ಹಂಚುತ್ತಾರೆ. ಸಾಲು ರಸ್ತೆ ತನಕ ಬಂದಿರುತ್ತದೆ.

ನಮ್ಮ ಮನೆ ಇರುವುದು ಊರಿನ ಇನ್ನೊಂದು ತುದಿ, ಲೇಕ್ ಮಾರ್ಕೆಟ್ ಹತ್ತಿರ. ದಕ್ಷಿಣದವರು ತುಂಬಾ ಹಿಂದಿನಿಂದ ನೆಲೆಸಿರುವ ಜಾಗ. ಕರಿಬೇವು, ಫಿಲ್ಟರ್ ಕಾಫಿ ಪುಡಿ, ಇಡ್ಲಿ ಅಕ್ಕಿ ಯಾವುದಕ್ಕೂ ಪರದಾಡಬೇಕಿಲ್ಲ. ಆದರೆ ಮೋಚಾ ವಿಷಯಕ್ಕೆ ನನ್ನ ಗುರು ಪಕ್ಕದ ಮನೆಯ ಮಾಶಿಮಾ. ಎಪ್ಪತ್ತು ದಾಟಿದವರು. ಅವರ ಅಡುಗೆಮನೆಯಲ್ಲಿ ತಕ್ಕಡಿ ಇಲ್ಲ, ನನ್ನ ತಕ್ಕಡಿ ಕಂಡರೆ ಅವರಿಗೆ ನಗು.

ಹೂವು ಆರಿಸುವುದು

ಕೈಗೆತ್ತಿಕೊಂಡಾಗ ಗಾತ್ರಕ್ಕಿಂತ ಭಾರ ಅನ್ನಿಸಬೇಕು. ಪಕಳೆಗಳು ಬಿಗಿಯಾಗಿ ಮುಚ್ಚಿರಬೇಕು, ತುದಿ ಒಣಗಿರಬಾರದು, ಕೊಯ್ದ ಬುಡದಲ್ಲಿ ಇನ್ನೂ ಸೊನೆ ಅಂಟಂಟಾಗಿರಬೇಕು. ತೀರಾ ದೊಡ್ಡದು ಬೇಡ. ದೊಡ್ಡದರಲ್ಲಿ ಹೊರಸುತ್ತಿನ ಹೂಗಳು ಬಲಿತಿರುತ್ತವೆ, ಬಿಡಿಸುವ ಕೆಲಸವೂ ಜಾಸ್ತಿ, ನಾರೂ ಜಾಸ್ತಿ. ನಾನು ತಂದದ್ದು 650 ಗ್ರಾಂ ಇತ್ತು.

ಇಲ್ಲಿನ ಮಾರುಕಟ್ಟೆಯಲ್ಲಿ ಬಿಡಿಸಿ ಹೆಚ್ಚಿದ ಮೋಚಾ ಕೂಡ ಸಿಗುತ್ತದೆ. ಆಫೀಸಿಂದ ಬಂದು ಅಡುಗೆ ಮಾಡುವವರಿಗೆ ಅದು ವರವೇ. ಚಾಪ್‌ಗೆ ಮಾತ್ರ ನಾನು ಇಡೀ ಹೂವನ್ನೇ ತರುತ್ತೇನೆ. ಹೆಚ್ಚಿದ ರಾಶಿಯಲ್ಲಿ ಕಡ್ಡಿ ತೆಗೆದಿದ್ದಾರೋ ಇಲ್ಲವೋ ಗೊತ್ತಾಗುವುದಿಲ್ಲ. ಒಂದು ಕಡ್ಡಿ ಉಳಿದರೂ ಹಲ್ಲಿಗೆ ಸಿಕ್ಕಿಬಿಡುತ್ತದೆ.

ಶನಿವಾರ ಸಂಜೆ: ಬಿಡಿಸುವುದು

ನೆಲಕ್ಕೆ ಹಳೇ ಪೇಪರ್ ಹಾಸಿದೆ. ಕೈಗೆ, ಚಾಕುವಿಗೆ ಸಾಸಿವೆ ಎಣ್ಣೆ ಸವರಿಕೊಂಡೆ. ಬಾಳೆ ಸೊನೆಯ ಕಲೆ ಗೊತ್ತಲ್ವಾ, ಬಟ್ಟೆಗೆ ಬಿದ್ದರೆ ಬಟ್ಟೆ ಹರಿದರೂ ಕಲೆ ಹೋಗುವುದಿಲ್ಲ. ಮಾಶಿಮಾ ಬೋಟಿ ತಂದು ಕೂತರು. ಬೋಟಿ ಅಂದರೆ ನಮ್ಮ ಈಳಿಗೆ ಮಣೆಯೇ. ಕಾಲಲ್ಲಿ ಒತ್ತಿ ಹಿಡಿದು, ಎರಡೂ ಕೈಯಲ್ಲಿ ತರಕಾರಿ ಹಿಡಿದು ಹೆಚ್ಚುವುದು. ನಾನು ಚಾಕುವಿನಲ್ಲಿ ಒಂದು ಹಿಡಿ ಮುಗಿಸುವಷ್ಟರಲ್ಲಿ ಅವರದು ಮೂರು ಹಿಡಿ ಆಗಿರುತ್ತಿತ್ತು.

ಕೆನ್ನೇರಳೆ ಪಕಳೆಯೊಂದನ್ನು ಎತ್ತಿದರೆ ಅದರ ಕೆಳಗೆ ಹೂಗಳ ಸಾಲು. ಒಂದೊಂದು ಹೂವೂ ಕಿರುಬೆರಳಷ್ಟು ಉದ್ದ, ತಿಳಿಹಳದಿ ಬಣ್ಣ, ತುದಿ ಸ್ವಲ್ಪ ಗಾಢ. ಇಡೀ ಸಾಲನ್ನು ಬುಡದಿಂದ ಕಿತ್ತು, ಅಂಗೈಯಲ್ಲಿ ತುದಿಗಳನ್ನು ಉಜ್ಜಿದರೆ ಹೂಗಳು ಬಾಯಿ ತೆರೆಯುತ್ತವೆ. ಆಗ ನಡುವೆ ಬೆಂಕಿಕಡ್ಡಿಯ ಹಾಗೆ ತಲೆ ದಪ್ಪ ಇರುವ ಒಂದು ಕಡ್ಡಿ ಕಾಣುತ್ತದೆ. ಅದನ್ನು ಹಿಡಿದು ಎಳೆಯಬೇಕು. ಬುಡದಲ್ಲಿ ಒಂದು ಚಿಕ್ಕ ಪಾರದರ್ಶಕ ಪೊರೆ ಇರುತ್ತದೆ, ಅದನ್ನೂ ತೆಗೆಯಬೇಕು. ಇವೆರಡೂ ಎಷ್ಟು ಬೇಯಿಸಿದರೂ ಮೆತ್ತಗಾಗುವುದಿಲ್ಲ. ಅನೇಕರು ಕಡ್ಡಿಯನ್ನು ಕೇಸರ ಅನ್ನುತ್ತಾರೆ. ಅದು ಹೂವಿನ ಶಲಾಕೆ, ದಪ್ಪ ತಲೆ ಶಲಾಕಾಗ್ರ. ಕೇಸರಗಳು ಅದರ ಸುತ್ತ ತೆಳ್ಳಗೆ ನಿಂತಿರುತ್ತವೆ, ಅವುಗಳಿಂದ ತೊಂದರೆ ಇಲ್ಲ.

ಅಂದ ಹಾಗೆ, ಗೊನೆಯ ತುದಿಯಲ್ಲಿ ನೇತಾಡುವ ಈ ಮೋತೆಯಲ್ಲಿ ಇರುವುದು ಗಂಡು ಹೂಗಳು. ಕಾಯಿಯಾಗುವ ಹೆಣ್ಣು ಹೂಗಳು ಮೊದಲೇ ಅರಳಿ ಚಿಪ್ಪುಗಳಾಗಿ ಮೇಲೆ ನಿಂತಿರುತ್ತವೆ. ಕಾಯಿ ಕಟ್ಟಿದ ಮೇಲೆ ರೈತರು ಮೋತೆಯನ್ನು ಕತ್ತರಿಸಿಬಿಡುತ್ತಾರೆ, ಇದ್ದ ಸತ್ವ ಕಾಯಿಗಳಿಗೆ ಹೋಗಲಿ ಅಂತ. ಅಂದರೆ ಮೋಚಾ ತಿಂದವರು ಯಾರ ಬಾಳೆಗೊನೆಯನ್ನೂ ಹಾಳು ಮಾಡಿದಂತಾಗುವುದಿಲ್ಲ.

ಒಳಗೆ ಹೋದಂತೆ ಪಕಳೆಗಳ ಬಣ್ಣ ತಿಳಿಯಾಗುತ್ತದೆ, ಹೂಗಳೂ ಚಿಕ್ಕದಾಗುತ್ತವೆ. ಒಂದು ಹಂತದಲ್ಲಿ ಕಡ್ಡಿ ಉಗುರಿಗೂ ಸಿಗುವುದಿಲ್ಲ. ಅಲ್ಲಿಗೆ ಬಿಡಿಸುವುದು ನಿಲ್ಲಿಸಿ, ಉಳಿದ ಬಿಳಿ ತಿರುಳನ್ನು ಹಾಗೇ ಸಣ್ಣಗೆ ಹೆಚ್ಚಬಹುದು. ಇದು ಇಡೀ ಹೂವಿನಲ್ಲಿ ಅತಿ ಮೃದುವಾದ ಭಾಗ. ಪಕಳೆ, ದಿಂಡು, ಕಡ್ಡಿ ಎಲ್ಲ ಹೋಗಿ ಕೈಗೆ ಸಿಕ್ಕಿದ್ದು 290 ಗ್ರಾಂ. ಅರ್ಧಕ್ಕಿಂತ ಜಾಸ್ತಿ ಕಸ ಅಂತ ಬೇಜಾರು ಬೇಡ. ದೊಡ್ಡ ಪಕಳೆಗಳನ್ನು ತೊಳೆದಿಟ್ಟೆ, ಬಡಿಸಲು ದೊನ್ನೆಯಾಗುತ್ತವೆ.

ಹೆಚ್ಚಿದ್ದನ್ನು ಬಿಟ್ಟಲ್ಲೇ ಬಿಟ್ಟರೆ ಕಪ್ಪಾಗುತ್ತದೆ. ಅದಕ್ಕೆ ಪಕ್ಕದಲ್ಲೇ ನೀರಿನ ಪಾತ್ರೆ ಇಟ್ಟುಕೊಂಡಿರಬೇಕು. ಬಂಗಾಳದಲ್ಲಿ ಅರಿಶಿನ, ಉಪ್ಪು ಹಾಕಿದ ನೀರು. ಫೋನಿನಲ್ಲಿ ಅಮ್ಮ ಹೇಳಿದ್ದೇ ಬೇರೆ.

"ಅರಿಶಿನ ಯಾಕೇ? ನೀರು ಮಜ್ಜಿಗೆಗೆ ಹಾಕು. ಒಗರೂ ಹೋಗುತ್ತೆ, ಬಣ್ಣನೂ ಬೆಳ್ಳಗೆ ಇರುತ್ತೆ."

ಇಬ್ಬರನ್ನೂ ಎದುರುಹಾಕಿಕೊಳ್ಳುವುದು ಬೇಡ ಅಂತ ಎರಡು ಪಾತ್ರೆ ಇಟ್ಟೆ. ಅರ್ಧ ಅರಿಶಿನದ ನೀರಿಗೆ, ಅರ್ಧ ತೆಳು ಮಜ್ಜಿಗೆಗೆ. ರಾತ್ರಿಯಿಡೀ ನೆನೆಯಲು ಬಿಟ್ಟೆ.

ಭಾನುವಾರ ಬೆಳಿಗ್ಗೆ: ಬೇಯಿಸುವುದು, ಹಿಂಡುವುದು

ಅರಿಶಿನದ ನೀರು ರಾತ್ರಿ ಕಳೆಯುವಷ್ಟರಲ್ಲಿ ಕಂದು ತಿರುಗಿತ್ತು. ಮಜ್ಜಿಗೆಯಲ್ಲಿ ನೆನೆದದ್ದು ಅಮ್ಮ ಹೇಳಿದಂತೆ ಬೆಳ್ಳಗೇ ಇತ್ತು. ಹುಳಿ ಇದ್ದಲ್ಲಿ ಕಪ್ಪಾಗುವ ಕ್ರಿಯೆ ನಿಧಾನ, ಅದಕ್ಕೇ. ಪಲ್ಯ ಮಾಡುವುದಾದರೆ ನನ್ನ ಮತ ಮಜ್ಜಿಗೆಗೇ. ಆದರೆ ಚಾಪ್ ಹೂರಣ ಹುರಿದು ಹುರಿದು ಹೇಗಿದ್ದರೂ ಕಂದು ಬಣ್ಣಕ್ಕೆ ಬರುತ್ತದೆ. ಬಿಳುಪು ಉಳಿಸಿಕೊಂಡು ಏನು ಮಾಡುವುದು? ಬೆಂದ ಮೇಲೆ ಎರಡನ್ನೂ ರುಚಿ ನೋಡಿದೆ. ಒಗರು ಎರಡರಲ್ಲೂ ಅಷ್ಟಕ್ಕಷ್ಟೇ. ಮಜ್ಜಿಗೆಯದರಲ್ಲಿ ಸಣ್ಣಗೆ ಹುಳಿ ಉಳಿದಿತ್ತು, ಅದು ಆಲೂಗಡ್ಡೆ ಜೊತೆ ಚೆನ್ನಾಗೇ ಹೊಂದಿತು. ಎರಡನ್ನೂ ಸೇರಿಸಿಬಿಟ್ಟೆ.

ಬೇಯಿಸುವುದಕ್ಕೆ ಕುಕ್ಕರ್ ಬೇಡ. ಕುಕ್ಕರ್‌ನಲ್ಲಿ ಬೇಗ ಆಗುತ್ತದೆ ನಿಜ, ಆದರೆ ಹೂಗಳು ಕರಗಿ ಮುದ್ದೆಯಾಗುತ್ತವೆ. ಮುದ್ದೆಯಾದದ್ದನ್ನು ಹಿಂಡಿದರೆ ನೀರಿನ ಜೊತೆ ಹೂವೂ ಹೋಗುತ್ತದೆ. ಮೋಚಾರ್ ಘಂಟೋಗೆ, ಅಂದರೆ ಬಾಳೆಹೂವಿನ ಬಂಗಾಳಿ ಪಲ್ಯಕ್ಕೆ ಆದರೆ ನಡೆಯುತ್ತದೆ. ಚಾಪ್‌ನಲ್ಲಿ ಹಲ್ಲಿಗೆ ಏನಾದರೂ ಸಿಗಬೇಕು. ಅಗಲ ಪಾತ್ರೆಯಲ್ಲಿ ನೀರು ಕುದಿಸಿ, ಉಪ್ಪು, ಚಿಟಿಕೆ ಅರಿಶಿನ ಹಾಕಿ, ಮುಚ್ಚಳ ಹಾಕದೆ 15 ನಿಮಿಷ ಬೇಯಿಸಿದೆ. ಬೆರಳಲ್ಲಿ ಒತ್ತಿದರೆ ಮುರಿಯಬೇಕು, ಪೇಸ್ಟ್ ಆಗಬಾರದು. ಆ ನೀರನ್ನು ಪೂರ್ತಿ ಚೆಲ್ಲಿಬಿಡಿ. ಒಗರು ಇರುವುದು ಅದರಲ್ಲೇ.

ಸೋಸಿ, ಹತ್ತು ನಿಮಿಷ ಜರಡಿಯಲ್ಲೇ ಬಿಟ್ಟು ತೂಗಿದೆ: 375 ಗ್ರಾಂ. ಹಸಿಯಾಗಿದ್ದಾಗ 290 ಇದ್ದದ್ದು! ನೋಡುವುದಕ್ಕೆ ನೀರು ಸೋರಿ ಆಗಿದೆ ಅನ್ನಿಸುತ್ತದೆ, ತಕ್ಕಡಿ ಬೇರೆಯೇ ಹೇಳುತ್ತದೆ. ತಕ್ಕಡಿ ನೋಡಿ ನಕ್ಕಿದ್ದ ಮಾಶಿಮಾ ಈ ಅಂಕಿ ಕೇಳಿ ಸುಮ್ಮನಾದರು.

ಹಿಂಡುವುದಕ್ಕೆ ಗಾಮ್ಛಾ. ಬಂಗಾಳದ ಚೌಕಳಿ ಹತ್ತಿ ಟವೆಲ್ಲು, ತೆಳ್ಳಗೆ, ನೇಯ್ಗೆ ಸ್ವಲ್ಪ ಬಿಡಿಬಿಡಿ. ಹೊಸದೊಂದನ್ನು ಬಣ್ಣ ಬಿಡುವುದು ನಿಲ್ಲುವ ತನಕ ಒಗೆದು ಅಡುಗೆಮನೆಗೇ ಮೀಸಲಿಟ್ಟಿದ್ದೇನೆ. ಬೆಂದ ಮೋಚಾ ಬೆಚ್ಚಗಿರುವಾಗಲೇ ಗಂಟು ಕಟ್ಟಿ, ತಿರುಚಿ ಹಿಂಡಬೇಕು. ಮೊದಲು ಧಾರೆಯಾಗಿ ಇಳಿಯುತ್ತದೆ. ಆಮೇಲೆ ಹನಿ. ಹನಿ ನಿಂತಿತು ಅಂತ ಬಿಡಬೇಡಿ. ಗಂಟು ಬಿಚ್ಚಿ, ಒಳಗಿನದನ್ನು ಕೈಯಲ್ಲಿ ಕೆದರಿ, ಮತ್ತೆ ಕಟ್ಟಿ ತಿರುಚಿದರೆ ಮತ್ತೊಮ್ಮೆ ಸುರಿಯುತ್ತದೆ. ನಡುವೆ ಸಿಕ್ಕಿಕೊಂಡ ನೀರು ಅದು. ಕೊನೆಗೆ ತೂಕ 230 ಗ್ರಾಂ. ಅಂದರೆ ಜರಡಿಗೆ ಸಿಗದ ನೀರು 145 ಗ್ರಾಂ, ಮುಕ್ಕಾಲು ಲೋಟದಷ್ಟು. ಇದೆಲ್ಲ ಬಾಣಲೆಗೆ ಹೋಗುತ್ತಿತ್ತು, ಅಲ್ವಾ.

ಹಿಂಡಿದ್ದನ್ನು ಸಣ್ಣಗೆ ಕೊಚ್ಚಿದೆ. ಮಿಕ್ಸಿಗೆ ಹಾಕಲಿಲ್ಲ.

ಆಲೂಗಡ್ಡೆ ವಿಷಯದಲ್ಲೂ ಅದೇ ನೀರಿನ ಲೆಕ್ಕ. ಸಿಪ್ಪೆ ಸುಲಿದು, ತುಂಡು ಮಾಡಿ ಬೇಯಿಸಿದರೆ ನೀರು ಕುಡಿಯುತ್ತದೆ. ಸಿಪ್ಪೆ ಸಮೇತ, ಇಡಿಯಾಗಿ ಬೇಯಿಸಬೇಕು. ಕೋಲ್ಕತ್ತದಲ್ಲಿ ಆಲೂಗಡ್ಡೆ ಕೊಳ್ಳಲು ಹೋದರೆ ಜ್ಯೋತಿನಾ, ಚಂದ್ರಮುಖಿನಾ ಅಂತ ಕೇಳುತ್ತಾರೆ. ನಾನು ತಂದದ್ದು ಚಂದ್ರಮುಖಿ, ಬೆಲೆ ಸ್ವಲ್ಪ ಜಾಸ್ತಿ. ಬೆಂದದ್ದನ್ನು ಬಿಸಿಯಿರುವಾಗಲೇ ಸಿಪ್ಪೆ ತೆಗೆದು, ಪುಡಿ ಮಾಡಿ, ತಟ್ಟೆಯಲ್ಲಿ ಹರಡಿ ಹಬೆ ಹೋಗಲು ಬಿಟ್ಟೆ.

ಎಷ್ಟು ಆಲೂಗಡ್ಡೆ ಅನ್ನುವುದು ದೊಡ್ಡ ಜಗಳ. ಮಾಶಿಮಾ ಮಾತು ಖಡಕ್ಕು: "ಆಲೂ ಅಂಟಿಗೆ ಮಾತ್ರ ಮಾ, ಹೊಟ್ಟೆ ತುಂಬಿಸುವುದಕ್ಕಲ್ಲ. ಜಾಸ್ತಿ ಹಾಕಿದರೆ ಅದು ಆಲೂರ್ ಚಾಪ್." ಎರಡು ಪಾಲು ಮೋಚಾಗೆ ಒಂದು ಪಾಲು ಆಲೂಗಡ್ಡೆ ಅವರ ಲೆಕ್ಕ. ನಾನು ಒಂದು ಹಿಡಿಯಷ್ಟನ್ನು ಹಾಗೆ ಕಲಸಿ ನೋಡಿದೆ. ರುಚಿ ಅದ್ಭುತ, ಉಂಡೆ ಮಾತ್ರ ಅಂಚಿನಲ್ಲಿ ಬಿರುಕು ಬಿಡುತ್ತದೆ. ಅವರ ಕೈಗೆ ಅದು ಕೂರುತ್ತದೆ, ನನ್ನ ಕೈಗೆ ಕೂರಲಿಲ್ಲ. ಸಮಸಮ ಹಾಕಿದರೆ ಉಂಡೆ ನುಣ್ಣಗೆ ಬರುತ್ತದೆ, ಆದರೆ ಬಾಳೆಹೂವು ಎಲ್ಲಿ ಅಂತ ಹುಡುಕಬೇಕು. 230 ಗ್ರಾಂ ಮೋಚಾಗೆ 160 ಗ್ರಾಂ ಆಲೂಗಡ್ಡೆಯಲ್ಲಿ ನಿಂತೆ.

ಮಸಾಲೆ ಮತ್ತು ಹುರಿಯುವುದು

ಭಾಜಾ ಮೊಶ್ಲಾ ಅಂದರೆ ಹುರಿದ ಪುಡಿ. ಜೀರಿಗೆ 1 ಚಮಚ, ಧನಿಯಾ 1 ಚಮಚ, ಒಣಮೆಣಸಿನಕಾಯಿ 2, ಏಲಕ್ಕಿ 2, ಲವಂಗ 3, ಚಿಕ್ಕ ಚೂರು ಚಕ್ಕೆ. ಎಣ್ಣೆ ಹಾಕದೆ ಸಣ್ಣ ಉರಿಯಲ್ಲಿ ಹುರಿದು ಪುಡಿ ಮಾಡಿದರೆ ಆಯಿತು. ಮಿಕ್ಕಿದ್ದು ಡಬ್ಬಿಗೆ.

ಉಳಿದ ಸಾಮಾನು: ತೆಂಗಿನಕಾಯಿ ಸಣ್ಣ ಚೂರು 3 ಚಮಚ, ಹುರಿದ ಕಡಲೆಕಾಯಿ ಬೀಜ 3 ಚಮಚ, ಒಣದ್ರಾಕ್ಷಿ 1 ಚಮಚ, ಹಸಿಶುಂಠಿ ಮತ್ತು ಹಸಿಮೆಣಸು ಜಜ್ಜಿದ್ದು 1 ಚಮಚ ತುಂಬ, ಪಲಾವ್ ಎಲೆ 2, ಅರಿಶಿನ, ಅಚ್ಚಖಾರದ ಪುಡಿ, ಉಪ್ಪು, ಸಕ್ಕರೆ ಒಂದೂವರೆ ಟೀ ಚಮಚ, ತುಪ್ಪ 1 ಟೀ ಚಮಚ. ತೆಂಗಿನಕಾಯಿಯನ್ನು ತುರಿಯಬೇಡಿ. ತುರಿದರೆ ಹಾಲು ಬಿಟ್ಟುಕೊಂಡು ಹೂರಣ ಒದ್ದೆಯಾಗುತ್ತದೆ. ಚೂರು ಇದ್ದರೆ ಕಚ್ಚುವಾಗ ಸಿಗುತ್ತದೆ.

ಈರುಳ್ಳಿ, ಬೆಳ್ಳುಳ್ಳಿ ಇಲ್ಲ. ನಮ್ಮ ಮನೆಯವರು ಪಟ್ಟಿ ನೋಡಿ "ಈರುಳ್ಳಿ ಮರೆತೆಯಾ?" ಅಂದರು. ಮರೆತದ್ದಲ್ಲ. ಈ ಚಾಪ್ ಬಂಗಾಳದ ನಿರಾಮಿಷ ಅಡುಗೆಯ ಸಾಲಿನದು. ಹಿಂದೆ ಮೇಲ್ಜಾತಿಯ ಹಿಂದೂ ವಿಧವೆಯರಿಗೆ ಮೀನು, ಮಾಂಸದ ಜೊತೆಗೆ ಈರುಳ್ಳಿ, ಬೆಳ್ಳುಳ್ಳಿ, ಮಸೂರ್ ಬೇಳೆ ಕೂಡ ನಿಷಿದ್ಧ ಮಾಡಿದ್ದರು. ಮೀನೇ ಜೀವ ಅನ್ನುವ ನಾಡಿನಲ್ಲಿ ಅದೆಂಥ ಕಠಿಣ ಶಿಕ್ಷೆ ಅನ್ನುವುದನ್ನು ಯೋಚಿಸಿ. ಮೋಚಾ, ಬಾಳೆದಿಂಡು, ತರಕಾರಿ ಸಿಪ್ಪೆ, ಸೊಪ್ಪುಗಳಿಂದ ಇಷ್ಟು ಬಗೆಯ ಅಡುಗೆ ಬೆಳೆದದ್ದರಲ್ಲಿ ಆ ಹೆಂಗಸರ ಕೈ ದೊಡ್ಡದು. ಇಂದು ಹೋಟೆಲುಗಳು ಇದನ್ನೇ ಪರಂಪರೆ ಅಂತ ಬೆಲೆ ಏರಿಸಿ ಮಾರುತ್ತವೆ. ನನಗೆ ಅದನ್ನು ಓದುವಾಗೆಲ್ಲ ಸ್ವಲ್ಪ ಸಿಟ್ಟು ಬರುತ್ತದೆ. ಇರಲಿ, ಬಾಣಲೆಗೆ ಬರೋಣ.

ಎರಡು ದೊಡ್ಡ ಚಮಚ ಸಾಸಿವೆ ಎಣ್ಣೆ. ಹೊಗೆ ಆಡುವ ತನಕ ಕಾಯಿಸಿ, ಬಣ್ಣ ತಿಳಿಯಾದ ಮೇಲೆ ಉರಿ ತಗ್ಗಿಸಬೇಕು. ಹಸಿ ಘಾಟು ಹೋಗುತ್ತದೆ, ಪರಿಮಳ ಉಳಿಯುತ್ತದೆ. ಪಲಾವ್ ಎಲೆ, ಅರ್ಧ ಚಮಚ ಜೀರಿಗೆ. ತೆಂಗಿನ ಚೂರು ಅಂಚು ಕೆಂಪಾಗುವ ತನಕ. ಆಮೇಲೆ ಶುಂಠಿ, ಮೆಣಸು. ಅರಿಶಿನ, ಖಾರದ ಪುಡಿ ಹಾಕಿದಾಗ ಸೀಯದಿರಲಿ ಅಂತ ಬಂಗಾಳಿಗಳು ಸಾಮಾನ್ಯವಾಗಿ ಚೂರು ನೀರು ಚಿಮುಕಿಸುತ್ತಾರೆ. ಇಲ್ಲಿ ನಾನು ನೀರು ಮುಟ್ಟಲಿಲ್ಲ. ಪುಡಿ ಹಾಕಿದ ತಕ್ಷಣ ಮೋಚಾ ಸುರಿದುಬಿಟ್ಟೆ, ಸೀಯುವುದಕ್ಕೆ ಪುರುಸೊತ್ತೇ ಇರುವುದಿಲ್ಲ.

ಮಧ್ಯಮ ಉರಿ. ಮೊದಲ ಐದು ನಿಮಿಷ ಬಾಣಲೆಯಿಂದ ಹಬೆ ಏಳುತ್ತಲೇ ಇರುತ್ತದೆ. ಅಷ್ಟು ಹಿಂಡಿದ ಮೇಲೂ! ಉಪ್ಪು, ಸಕ್ಕರೆ ಹಾಕಿದಾಗ ಇನ್ನೊಮ್ಮೆ ತೇವ ಬಿಡುತ್ತದೆ. ಹಾಗಾಗಿ ಅವುಗಳನ್ನು ಕೊನೆಗೆ ಅಂತ ಇಟ್ಟುಕೊಳ್ಳಬಾರದು, ಈಗಲೇ ಹಾಕಿ ಆ ನೀರನ್ನೂ ಈಗಲೇ ಓಡಿಸಬೇಕು. ಹತ್ತು ನಿಮಿಷಕ್ಕೆ ಮೋಚಾ ಬಣ್ಣ ಗಾಢವಾಗಿ, ಸೌಟಿಗೆ ಹಗುರ ಅನ್ನಿಸತೊಡಗಿತು. ಆಗ ಆಲೂಗಡ್ಡೆ ಸೇರಿಸಿ, ತಳಕ್ಕೆ ಒತ್ತಿ ಒತ್ತಿ ಇನ್ನೂ ಎಂಟು ನಿಮಿಷ ಹುರಿದೆ. ತಳ ಹಿಡಿದರೆ ಕೆರೆದು ಒಳಗೇ ಸೇರಿಸಿ, ರುಚಿ ಅಲ್ಲೇ ಇದೆ.

ಮುಗಿಯಿತು ಅಂತ ಹೇಗೆ ಗೊತ್ತಾಗುವುದು? ಹೂರಣದ ನಡುವೆ ಸೌಟಿನಿಂದ ಒಂದು ಕಾಲುವೆ ತೆಗೆಯಿರಿ. ಎರಡೂ ದಡ ಕುಸಿಯದೆ ನಿಂತು, ತಳದಲ್ಲಿ ಎಣ್ಣೆಯ ಮಿಂಚು ಮಾತ್ರ ಕಂಡು, ಹಬೆ ಏಳದಿದ್ದರೆ ಆಯಿತು. ಒಂದು ಚೂರು ತೆಗೆದು ಉರುಳಿಸಿದರೆ ಬೆರಳಿಗೆ ಅಂಟಬಾರದು. ಉರಿ ಆರಿಸಿ ಕಡಲೆಕಾಯಿ ಬೀಜ, ದ್ರಾಕ್ಷಿ, ಒಂದೂವರೆ ಚಮಚ ಭಾಜಾ ಮೊಶ್ಲಾ, ತುಪ್ಪ. ದ್ರಾಕ್ಷಿಯನ್ನು ಮೊದಲೇ ಹಾಕಿದರೆ ಊದಿಕೊಂಡು ಒಳಗೆ ರಸ ತುಂಬಿಕೊಳ್ಳುತ್ತದೆ. ಪಲಾವ್ ಎಲೆ ಎತ್ತಿ ಬಿಸಾಡುವುದನ್ನು ಮರೆಯಬೇಡಿ.

ಪ್ರಯೋಗಕ್ಕೆ ಅಂತ ಎರಡು ಉಂಡೆ ಆಗುವಷ್ಟು ಹೂರಣವನ್ನು ಈ ಎಂಟು ನಿಮಿಷದ ಹುರಿಯುವಿಕೆಗೆ ಮುಂಚೆಯೇ ತೆಗೆದು, ಆಲೂಗಡ್ಡೆ ಕಲಸಿ ಬೇರೆ ಇಟ್ಟಿದ್ದೆ. ಅದರ ಕಥೆ ಆಮೇಲೆ.

ಹೂರಣವನ್ನು ಅಗಲ ತಟ್ಟೆಯಲ್ಲಿ ತೆಳ್ಳಗೆ ಹರಡಿ ಫ್ಯಾನ್ ಕೆಳಗೆ ಇಟ್ಟೆ. ಮುಚ್ಚಳ ಹಾಕಲೇಬೇಡಿ. ಮುಚ್ಚಿದರೆ ಹಬೆ ಮುಚ್ಚಳಕ್ಕೆ ತಾಗಿ, ಹನಿಯಾಗಿ, ಮತ್ತೆ ಹೂರಣಕ್ಕೇ ಬೀಳುತ್ತದೆ. ಇಷ್ಟು ಹೊತ್ತು ಪಟ್ಟ ಪಾಡು ನೀರುಪಾಲು.

ಉಂಡೆ, ಹೊದಿಕೆ

ಪೂರ್ತಿ ತಣ್ಣಗಾದ ಮೇಲೆ ತಲಾ 40 ಗ್ರಾಂ ತೂಗಿ ಮೊಟ್ಟೆಯಾಕಾರಕ್ಕೆ ಉರುಳಿಸಿದೆ. ಕೈಗೆ ಎಣ್ಣೆ ಸವರಿಕೊಳ್ಳಿ, ನೀರು ಬೇಡ. ಮೊದಲು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಸುಕಿ ಒಳಗಿನ ಗಾಳಿ ಹೊರಡಿಸಿ, ಆಮೇಲೆ ಆಕಾರ ಕೊಡಬೇಕು. ಕಡಲೆಕಾಯಿ ಬೀಜ ಹೊರಗೆ ಇಣುಕಿದ್ದರೆ ಒಳಗೆ ತಳ್ಳಿ ಮುಚ್ಚಿ. ಚಾಪ್ ಒಡೆಯಲು ಶುರುವಾಗುವುದು ಇಂಥ ಜಾಗದಲ್ಲೇ.

ಹೊದಿಕೆಯಲ್ಲಿ ಮೂರು ಬಗೆ ಮಾಡಿದೆ. ಒಂದು ಪಾಲಿಗೆ ಕಡಲೆಹಿಟ್ಟಿನ ಹಿಟ್ಟು, ಬಜ್ಜಿಗೆ ಕಲಸುವ ಹದ. ಇನ್ನೊಂದಕ್ಕೆ ಮೊಟ್ಟೆ ಮತ್ತು ಬ್ರೆಡ್ ಪುಡಿ. ಮತ್ತೊಂದಕ್ಕೆ 3 ಚಮಚ ಮೈದಾ, 1 ಚಮಚ ಕಾರ್ನ್‌ಫ್ಲೋರ್, ಉಪ್ಪು, ಕಾಳುಮೆಣಸಿನ ಪುಡಿ, ಅರ್ಧ ಲೋಟ ನೀರಿನ ಗಂಜಿ, ಮೇಲೆ ಬಿಸ್ಕತ್ತಿನ ಪುಡಿ. ಕೋಲ್ಕತ್ತದ ದಿನಸಿ ಅಂಗಡಿಗಳಲ್ಲಿ ಬಿಸ್ಕುಟೇರ್ ಗುಂಡೋ ಅಂತ ಇದು ಪೊಟ್ಟಣದಲ್ಲೇ ಸಿಗುತ್ತದೆ. ಊರಲ್ಲಿ ಮಾಡುವವರು ರಸ್ಕ್ ಪುಡಿ ಮಾಡಿಕೊಳ್ಳಬಹುದು.

ಗಂಜಿ ಬೆರಳಿಗೆ ತೆಳುವಾಗಿ ಹಿಡಿಯುವಷ್ಟು ಇರಲಿ. ಉಂಡೆಯನ್ನು ಅದ್ದಿ, ಜಾಸ್ತಿಯಾದದ್ದು ಸೋರಿ, ಪುಡಿಯಲ್ಲಿ ಹೊರಳಿಸಿ, ಅಂಗೈಯಲ್ಲಿ ಮೆತ್ತಗೆ ಒತ್ತಬೇಕು. ಐದು ನಿಮಿಷ ಬಿಟ್ಟು ಇನ್ನೊಂದು ಸುತ್ತು. ಎರಡನೇ ಸುತ್ತು ತಲೆನೋವು ಅನ್ನಿಸುತ್ತದೆ, ಆದರೆ ಮೊದಲ ಸುತ್ತಿನಲ್ಲಿ ಬಿಟ್ಟುಹೋದ ತೂತುಗಳು ಮುಚ್ಚುವುದು ಅಲ್ಲೇ. ಆಮೇಲೆ ತಟ್ಟೆಯಲ್ಲಿ ಜೋಡಿಸಿ, ಮುಚ್ಚದೆ ಫ್ರಿಜ್‌ನಲ್ಲಿ 40 ನಿಮಿಷ. ಪುಡಿ ತೇವ ಎಳೆದುಕೊಂಡು ಗಟ್ಟಿಯಾಗಿ ಕೂರುತ್ತದೆ. ಕಡಲೆಹಿಟ್ಟಿನದನ್ನು ಮಾತ್ರ ಕರಿಯುವಾಗಲೇ ಅದ್ದಬೇಕು.

ಸಂಜೆ: ಎಣ್ಣೆ

ಚಾಪ್ ಮುಳುಗುವಷ್ಟು ಎಣ್ಣೆ ಇರಲಿ. ಅರ್ಧ ಮುಳುಗಿದರೆ ತಿರುವಿ ಹಾಕುವಾಗ ಸೊಂಟದಲ್ಲಿ ಬಿರುಕು ಬರುತ್ತದೆ. ಥರ್ಮಾಮೀಟರ್‌ನಲ್ಲಿ 175 ಡಿಗ್ರಿ ಸೆಲ್ಸಿಯಸ್ ಇಟ್ಟುಕೊಂಡೆ. ಥರ್ಮಾಮೀಟರ್ ಇಲ್ಲದವರು ಚಿಟಿಕೆ ಪುಡಿ ಉದುರಿಸಿ ನೋಡಿ. ಕೆಳಗಿಳಿದು ತಕ್ಷಣ ಮೇಲೆದ್ದು ನೊರೆಗಟ್ಟಿದರೆ ಸರಿ. ಮೇಲೇ ನಿಂತು ಕಪ್ಪಾದರೆ ಕಾವು ಜಾಸ್ತಿ, ತಳದಲ್ಲೇ ಕೂತರೆ ಕಡಿಮೆ. ಕಾವು ಕಡಿಮೆಯಾದರೆ ಹೊದಿಕೆ ಗಟ್ಟಿಯಾಗುವ ಮುಂಚೆ ಒಳಗೆ ಎಣ್ಣೆ ಇಳಿಯುತ್ತದೆ. ಒಳಗಿರುವುದೆಲ್ಲ ಮೊದಲೇ ಬೆಂದದ್ದು. ಎಣ್ಣೆಗೆ ಇರುವ ಕೆಲಸ ಹೊರಗೆ ಗಟ್ಟಿ ಮಾಡುವುದು, ಒಳಗೆ ಬಿಸಿ ಮಾಡುವುದು, ಅಷ್ಟೇ.

ಒಂದು ಸಲಕ್ಕೆ ಮೂರು. ಮೊದಲ ಒಂದು ನಿಮಿಷ ಜಾಲರಿ ಸೌಟು ಮುಟ್ಟಿಸಲೇಬಾರದು. ಚಾಪ್ ಇಳಿದ ಕೂಡಲೇ ಚರ್ ಅಂತ ಜೋರು ಸದ್ದು, ಸುತ್ತ ದೊಡ್ಡ ದೊಡ್ಡ ಗುಳ್ಳೆ. ಆ ಗುಳ್ಳೆಗಳೇ ಹೊರಗೆ ಬರುತ್ತಿರುವ ನೀರು. ಎರಡು ನಿಮಿಷ ದಾಟಿದ ಮೇಲೆ ಗುಳ್ಳೆ ಸಣ್ಣದಾಗುತ್ತವೆ, ಸದ್ದು ಇಳಿಯುತ್ತದೆ. ಮೂರೂವರೆ ನಿಮಿಷಕ್ಕೆ ಗಾಢ ಹೊಂಬಣ್ಣ. ಕಣ್ಣಿಗಿಂತ ಕಿವಿಯನ್ನು ನಂಬಿ ಅನ್ನುತ್ತಾರೆ ಮಾಶಿಮಾ. ಬಿಸ್ಕತ್ತಿನ ಪುಡಿಯಲ್ಲಿ ಸಕ್ಕರೆ ಇರುವುದರಿಂದ ಬಣ್ಣ ಬೇಗ ಬಂದುಬಿಡುತ್ತದೆ, ಬಣ್ಣ ನೋಡಿ ತೆಗೆದರೆ ಒಳಗೆ ತಣ್ಣಗೇ ಇರುತ್ತದೆ. ತೆಗೆದದ್ದನ್ನು ಪೇಪರ್ ಮೇಲೆ ಹಾಕಬೇಡಿ, ಕೆಳಗಿನ ಮೈ ತನ್ನದೇ ಹಬೆಯಲ್ಲಿ ಮೆತ್ತಗಾಗುತ್ತದೆ. ತಂತಿ ಜಾಲರಿ ಮೇಲಿಟ್ಟರೆ ಸುತ್ತಲೂ ಗರಿಗರಿ.

ಹತ್ತರಲ್ಲಿ ಒಂದೂ ಒಡೆಯಲಿಲ್ಲ. ಹೊದಿಕೆಗಳ ಬಗ್ಗೆ ನನ್ನ ತೀರ್ಪು: ಕಡಲೆಹಿಟ್ಟಿನದು ತಿನ್ನಲು ಚೆನ್ನ, ಆದರೆ ಬಾಯಿಗೆ ಮೊದಲು ಬರುವುದು ಬಜ್ಜಿ, ಮೋಚಾ ಹಿಂದೆ ಸರಿಯುತ್ತದೆ. ಮೊಟ್ಟೆಯದು ಎಲ್ಲಕ್ಕಿಂತ ಗಟ್ಟಿ ಹೊದಿಕೆ, ಹೊಸಬರಿಗೆ ಇದೇ ಸುಲಭ. ಆದರೆ ನಿರಾಮಿಷ ಅಂತ ಮಾಡಿ ಮೊಟ್ಟೆಯಲ್ಲಿ ಅದ್ದುವುದು ನನಗೆ ಯಾಕೋ ಸರಿ ಕಾಣುವುದಿಲ್ಲ. ಗಂಜಿ ಮತ್ತು ಬಿಸ್ಕತ್ತಿನ ಪುಡಿಯದು ತೆಳ್ಳಗೆ, ಗರಿಗರಿ, ಚೂರು ಸಿಹಿ. ನನ್ನ ಓಟು ಅದಕ್ಕೆ. ಏರ್ ಫ್ರೈಯರ್‌ನಲ್ಲೂ ಒಂದನ್ನು ಇಟ್ಟು ನೋಡಿದೆ. ತಿನ್ನಬಹುದು. ಅಷ್ಟೇ ಹೇಳಬಲ್ಲೆ.

ಈಗ ಬೇರೆ ಇಟ್ಟಿದ್ದ ಆ ಎರಡು ಉಂಡೆಗಳು. ಅದೇ ಗಂಜಿ, ಅದೇ ಪುಡಿ, ಎರಡು ಸುತ್ತು, ಫ್ರಿಜ್, ಅದೇ 175 ಡಿಗ್ರಿ. ಬೇರೆ ಇದ್ದದ್ದು ಎಂಟು ನಿಮಿಷದ ಹುರಿಯುವಿಕೆ ಮಾತ್ರ. ಕೊನೆಗೆ ಬಿಟ್ಟೆ, ಯಾಕೆಂದರೆ ಎಣ್ಣೆ ಹಾಳಾಗುವುದು ಖಚಿತವಿತ್ತು. ಒಂದು ನಿಮಿಷ ಆಗುವ ಮುಂಚೆಯೇ ಮೊದಲನೆಯದರ ತುದಿ ಉಬ್ಬಿ, ಸೀಳು ಬಿಟ್ಟು, ಕಂದು ಹೂರಣ ಹೊರಗೆ ಬಂತು. ಎರಡನೆಯದು ಆಕಾರ ಉಳಿಸಿಕೊಂಡಿತು, ಆದರೆ ಸದ್ದು ಕೊನೆಯ ತನಕ ಇಳಿಯಲೇ ಇಲ್ಲ. ಮುರಿದು ನೋಡಿದರೆ ಹೊದಿಕೆಯ ಒಳಮೈ ಒದ್ದೆ. ಅಂದರೆ ಚೆನ್ನಾಗಿ ಹಿಂಡಿದರೂ ಸಾಲದು, ಆಲೂಗಡ್ಡೆ ಸೇರಿದ ಮೇಲಿನ ಹುರಿಯುವಿಕೆಯನ್ನು ತಪ್ಪಿಸುವಂತಿಲ್ಲ.

ತಿನ್ನುವುದು, ಇಡುವುದು

ಮುರಿ, ಕಾಸುಂದಿ, ಸೌತೆಕಾಯಿ, ಹಸಿ ಈರುಳ್ಳಿ. ಮುರಿ ಅಂದರೆ ನಮ್ಮ ಮಂಡಕ್ಕಿ. ದಾವಣಗೆರೆಯವರಿಗೆ ಮಂಡಕ್ಕಿ ಮತ್ತು ಮೆಣಸಿನಕಾಯಿ ಬಜ್ಜಿ ಜೋಡಿಯ ಬಗ್ಗೆ ನಾನು ಹೇಳಿಕೊಡಬೇಕಾ? ಸಂಜೆ ಐದಕ್ಕೆ ಎರಡೂ ಊರಿನ ಹಸಿವು ಒಂದೇ. ಕಾಸುಂದಿ ಹುದುಗಿಸಿದ ಸಾಸಿವೆಯ ಗೊಜ್ಜು, ಮೂಗಿಗೆ ಏರುತ್ತದೆ. ಅದನ್ನು ಪಕ್ಕದಲ್ಲಿ ಇಟ್ಟುಕೊಂಡು ಅದ್ದಿ ತಿನ್ನಬೇಕು, ಮೇಲೆ ಸುರಿದರೆ ಗರಿಗರಿ ಹೋಗುತ್ತದೆ. ಸಕ್ಕರೆ ಒಂದೂವರೆ ಟೀ ಚಮಚ ನಮ್ಮ ಮನೆಯವರಿಗೆ ಜಾಸ್ತಿ ಅನ್ನಿಸಿತು, ಮಾಶಿಮಾಗೆ ಕಡಿಮೆ. ಹಾಗೇ ಬಿಡುತ್ತೇನೆ.

ಉಳಿದರೆ ಕರಿಯದೆ, ಹೊದಿಕೆ ಹಾಕಿದ ಹಂತದಲ್ಲೇ ಫ್ರೀಜರ್‌ಗೆ ಇಡಿ. ಮೊದಲು ತಟ್ಟೆಯಲ್ಲಿ ಬಿಡಿಬಿಡಿಯಾಗಿ ಇಟ್ಟು, ಕಲ್ಲಾದ ಮೇಲೆ ಡಬ್ಬಿಗೆ ತುಂಬಬೇಕು. ಕರಿಯುವಾಗ ಕರಗಿಸಬೇಡಿ. ಕರಗಿದರೆ ಮೈ ಬೆವರಿ ಮತ್ತೆ ಅದೇ ನೀರಿನ ಕಥೆ. ಫ್ರೀಜರ್‌ನಿಂದ ನೇರವಾಗಿ 160 ಡಿಗ್ರಿ ಎಣ್ಣೆಗೆ, ಒಂದು ಸಲಕ್ಕೆ ಎರಡೇ. ಐದಾರು ನಿಮಿಷ ಬೇಕು. ಹೂರಣವೇ ಮಿಕ್ಕಿದ್ದರೆ ಮರುದಿನ ಪರೋಟ ಒಳಗೆ ಹಾಕಿ, ಅಲ್ಲಿ ಒಡೆಯುವ ಚಿಂತೆ ಇಲ್ಲ.